ಬಾಡಿಗೆ ಮನೆ ರಿಪೇರಿ: ಮೊದಲು ನೀರು ನಿಲ್ಲಿಸಿ, ಬಣ್ಣ ಆಮೇಲೆ

ಹಳೇ ಮನೆ ಕೊಂಡು, ರಿಪೇರಿ ಮಾಡಿಸಿ ಬಾಡಿಗೆಗೆ ಬಿಡೋಣ ಅಂತ ದಾವಣಗೆರೆಯಲ್ಲಿ ತುಂಬಾ ಜನ ಯೋಚಿಸುತ್ತಾರೆ. ವಿದ್ಯಾನಗರ, ಎಂಸಿಸಿ ಬಿ ಬ್ಲಾಕ್ ಕಡೆ ಮನೆ ಇದ್ದರೆ ಕೇಳುವವರೂ ಸಿಗುತ್ತಾರೆ. ಆದರೆ ಬೀಗದ ಕೈ ಸಿಕ್ಕ ತಕ್ಷಣ ಪೇಂಟರ್‌ಗೆ ಫೋನ್ ಮಾಡಬೇಡಿ. ನಾನು ಮೊದಲ ಮನೆಗೆ ಹಾಗೇ ಮಾಡಿದ್ದೆ. ಮೇ ತಿಂಗಳಲ್ಲಿ ಪುಟ್ಟಿ, ಬಣ್ಣ ಎಲ್ಲಾ ಮುಗಿಸಿ ಬಾಡಿಗೆಗೆ ಕೊಟ್ಟೆ. ಆಗಸ್ಟ್‌ನಲ್ಲಿ ಹೋಗಿ ನೋಡಿದರೆ ಮಲಗುವ ಕೋಣೆಯ ಗೋಡೆಯಲ್ಲಿ ಬಣ್ಣ ಹಪ್ಪಳದ ಹಾಗೆ ಎದ್ದಿತ್ತು, ಮೂಲೆಯಲ್ಲಿ ಬೂಸ್ಟು, ಅದರ ಪಕ್ಕದಲ್ಲೇ ಮಗುವಿನ ತೊಟ್ಟಿಲು. ಆ ದೃಶ್ಯ ಇನ್ನೂ ಮರೆತಿಲ್ಲ.

ಹಾಗಾಗಿ ಮೊದಲು ತಾರಸಿ ಹತ್ತಿ. ಮಾರ್ಚ್ ಅಥವಾ ಏಪ್ರಿಲ್‌ನಲ್ಲಿ, ಮಳೆ ಶುರುವಾಗುವ ಮುಂಚೆ, ನೀರು ಹೋಗುವ ಪೈಪಿನ ಬಾಯಿಗೆ ಬಟ್ಟೆ ತುರುಕಿ ಒಂದು ಇಂಚು ನೀರು ನಿಲ್ಲಿಸಿ. ಒಂದು ದಿನ ಬಿಟ್ಟು ಕೆಳಗಿನ ಸೀಲಿಂಗ್ ನೋಡಿ. ತೇವ ಕಂಡ ಜಾಗಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕಿ. (ಇದು ಆರ್‌ಸಿಸಿ ಮನೆಗೆ ಮಾತ್ರ. ಹಳೇ ಮಣ್ಣಿನ ಮಾಳಿಗೆಗೆ ಖಂಡಿತ ಬೇಡ, ಭಾರ ತಡೆಯುವುದಿಲ್ಲ.) ಹೆಚ್ಚಿನ ಮನೆಗಳಲ್ಲಿ ಸೋರುವುದು ನಡುವೆ ಅಲ್ಲ, ಪ್ಯಾರಾಪೆಟ್ ಗೋಡೆ ತಾರಸಿಗೆ ಸೇರುವ ಮೂಲೆಯಲ್ಲಿ ಮತ್ತು ಪೈಪಿನ ಬಾಯಿಯ ಸುತ್ತ. ಮೂಲೆಗೆ ಗಾರೆಯಿಂದ ದುಂಡಗೆ ಕಟ್ಟಿಸಿ, ನೀರು ಪೈಪಿನ ಕಡೆ ಹರಿಯುವ ಹಾಗೆ ವಾಟ ಕೊಡಿಸಿ, ಆಮೇಲೆ ವಾಟರ್‌ಪ್ರೂಫ್ ಹೊಡೆಸಿ. ವಾಟ ಸರಿ ಇಲ್ಲದೆ ಎಷ್ಟು ದುಬಾರಿ ಕೆಮಿಕಲ್ ಬಳಿದರೂ ಸುಮ್ನೆ ದುಡ್ಡು ದಂಡ.

ಇನ್ನು ಬಿರುಕು. ನಮ್ಮ ಕಡೆ ಎರೆ ಮಣ್ಣಿನ ಜಾಗ ಜಾಸ್ತಿ. ಎರೆ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಕುಗ್ಗುತ್ತದೆ, ಅದರ ಮೇಲಿನ ಗೋಡೆಯೂ ಜೊತೆಗೆ ಅಲುಗುತ್ತದೆ. ಅದಕ್ಕೇ ಮಳೆಗಾಲದಲ್ಲಿ ಮುಚ್ಚಿಕೊಂಡ ಬಿರುಕು ಏಪ್ರಿಲ್‌ಗೆ ಮತ್ತೆ ಬಾಯಿ ಬಿಡುವುದು. ಬಿರುಕಿನ ಎರಡೂ ತುದಿಗೆ ಪೆನ್ಸಿಲ್ ಗೆರೆ ಎಳೆದು ತಾರೀಖು ಬರೆದಿಡಿ. ಕೂದಲೆಳೆಯಷ್ಟೇ ಇದ್ದು ಬೆಳೆಯದಿದ್ದರೆ ಕ್ರ್ಯಾಕ್ ಫಿಲ್ಲರ್ ಸಾಕು. ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಟು ಅಗಲವಾಗುತ್ತಿದ್ದರೆ ಎಂಜಿನಿಯರ್‌ಗೆ ತೋರಿಸಿ, ಮೇಸ್ತ್ರಿ ಮಾತಿಗೇ ಬಿಡಬೇಡಿ. ಮನೆಯ ಸುತ್ತ ಎರಡು ಮೂರು ಅಡಿ ಸಿಮೆಂಟ್ ಪಟ್ಟಿ ಹಾಕಿಸಿ, ಹೊರಗಡೆ ಇಳಿಜಾರು ಇರಲಿ. ಬಟ್ಟೆ ಒಗೆಯುವ ಕಲ್ಲಿನ ನೀರು ಪಾಯದ ಬುಡದಲ್ಲಿ ನಿಲ್ಲುತ್ತಿದ್ದರೆ ಮೊದಲು ಅದನ್ನು ತಪ್ಪಿಸಿ.

ಬಾತ್‌ರೂಮ್ ಒಡೆಸುವುದಾದರೆ ಟೈಲ್ಸ್ ಕೂರಿಸುವ ಮುಂಚೆ ಪೈಪುಗಳಲ್ಲಿ ಒತ್ತಡದ ನೀರು ಬಿಟ್ಟು ಪರೀಕ್ಷೆ ಮಾಡಿಸಿ. ಗೋಡೆಯೊಳಗೆ ಹೋಗುವ ಪೈಪಿನ ಫೋಟೋ ತೆಗೆದಿಟ್ಟುಕೊಳ್ಳಿ, ಮುಂದೆ ಯಾರೋ ಕನ್ನಡಿಗೆ ಮೊಳೆ ಹೊಡೆಯುವಾಗ ಅದೇ ಕಾಪಾಡುತ್ತದೆ. ಪ್ರತಿ ಬಾತ್‌ರೂಮಿಗೆ ಬೇರೆ ವಾಲ್ವ್ ಇರಲಿ. ಬೋರ್ ನೀರು ಗಡಸಾಗಿದ್ದರೆ ನಲ್ಲಿಗೂ ಗೀಸರ್‌ಗೂ ಬಿಳಿ ಹೆಕ್ಕಳಿಕೆ ಕಟ್ಟುತ್ತದೆ, ಹಾಗಾಗಿ ಬಿಡಿಭಾಗ ಸುಲಭವಾಗಿ ಸಿಗುವ ನಲ್ಲಿಯನ್ನೇ ಹಾಕಿಸಿ. ಪಾಲಿಕೆ ನೀರು ಎಲ್ಲಾ ಕಡೆ ದಿನಾ ಬರುವುದಿಲ್ಲ, ಸಂಪು ದೊಡ್ಡದಿದ್ದಷ್ಟೂ ಒಳ್ಳೆಯದು.

ವೈರಿಂಗ್‌ನಲ್ಲಿ ಮಾತ್ರ ಚೌಕಾಸಿ ಬೇಡ. ಗೀಸರ್‌ಗೆ 4 ಚದರ ಮಿಲಿಮೀಟರ್ ತಾಮ್ರದ ವೈರ್ ಎಳೆಸಿ, 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್) ಹಾಕಿಸಿ, ಅರ್ಥಿಂಗ್ ಸರಿ ಇದೆಯಾ ನೋಡಿಸಿ. ಅದು ಜೀವದ ಪ್ರಶ್ನೆ. ಎರಡು ಮೂರು ಪೋರ್ಷನ್ ಇದ್ದರೆ ಒಂದೊಂದಕ್ಕೂ ಬೇರೆ ಬೆಸ್ಕಾಂ ಮೀಟರ್ ಮಾಡಿಸಿ. 2023ರಲ್ಲಿ ಗೃಹಜ್ಯೋತಿ (ಸರ್ಕಾರದ ಉಚಿತ ಕರೆಂಟ್ ಯೋಜನೆ) ಬಂದ ಮೇಲೆ ಬಾಡಿಗೆದಾರರಿಗೆ ಇದು ದೊಡ್ಡ ವಿಷಯ ಅಲ್ವಾ?

ಲೆಕ್ಕದ ಮಾತು ಸ್ವಲ್ಪ. ವರ್ಷಕ್ಕೆ ಒಂದು ತಿಂಗಳ ಬಾಡಿಗೆಯನ್ನು ರಿಪೇರಿಗೆ ಅಂತ ತೆಗೆದಿಡಿ, ಇದು ನನ್ನ ಲೆಕ್ಕ. ಬಾಡಿಗೆ ಆದಾಯದಲ್ಲಿ ನೀವು ಪಾಲಿಕೆಗೆ ಕಟ್ಟಿದ ಮನೆ ಕಂದಾಯ ಕಳೆದು ಉಳಿದದ್ದಕ್ಕೆ ಆದಾಯ ತೆರಿಗೆಯಲ್ಲಿ 30% ಕಡಿತ ಸಿಗುತ್ತದೆ. ರಿಪೇರಿಗೆ ಎಷ್ಟು ಖರ್ಚು ಮಾಡಿದರೂ ಅಷ್ಟೇ, ರಿಪೇರಿ ಬಿಲ್ ಬೇರೆ ತೋರಿಸಲು ಬರುವುದಿಲ್ಲ.

ಕರಾರು 11 ತಿಂಗಳಿಗೆ ಬರೆಯುವ ದಿನವೇ ಬಾಡಿಗೆದಾರರನ್ನು ಜೊತೆಗೆ ಕರೆದುಕೊಂಡು ಮನೆಯೆಲ್ಲ ವಿಡಿಯೋ ಮಾಡಿ, ಅವರಿಗೂ ಕಳಿಸಿ. ಆಮೇಲೆ ಅಡ್ವಾನ್ಸ್ ವಾಪಸ್ ಕೊಡುವಾಗ ಜಗಳ ಇರುವುದಿಲ್ಲ. ಮೂರು ವರ್ಷ ಇದ್ದವರಿಂದ ಮಾಸಿದ ಬಣ್ಣಕ್ಕೆ ದುಡ್ಡು ಹಿಡಿಯಬೇಡಿ, ಅದು ವಾಸ ಮಾಡಿದ ಗುರುತು. ನಲ್ಲಿ ಸೋರುತ್ತಿದೆ ಅಂತ ಫೋನ್ ಬಂದರೆ ಎರಡು ದಿನದೊಳಗೆ ಪ್ಲಂಬರ್ ಕಳಿಸಿ. ತಡ ಮಾಡಿದರೆ ಮುಂದೆ ಅವರು ಹೇಳುವುದನ್ನೇ ಬಿಡುತ್ತಾರೆ, ಗೋಡೆ ಪೂರ್ತಿ ನೆನೆದ ಮೇಲೆ ನಿಮಗೆ ಗೊತ್ತಾಗುತ್ತದೆ.

ಇಷ್ಟೆಲ್ಲ ಆದ ಮೇಲೆ ಪೇಂಟರ್ ಬರಲಿ. ಹೊಸ ಗಾರೆ ಕನಿಷ್ಠ 28 ದಿನ ಒಣಗಿರಬೇಕು. ಪ್ರೈಮರ್, ಅದರ ಮೇಲೆ ಎರಡು ಕೋಟ್, ಎಲ್ಲಾ ಕೋಣೆಗೂ ಒಂದೇ ತಿಳಿ ಬಣ್ಣ. ಆ ಬಣ್ಣದ ಶೇಡ್ ನಂಬರ್ ಅನ್ನು ಅಡುಗೆಮನೆ ಕಪಾಟಿನ ಬಾಗಿಲ ಹಿಂದೆ ಬರೆದಿಡಿ, ಮುಂದೆ ಒಂದು ಗೋಡೆ ಮಾತ್ರ ಹೊಡೆಸಬೇಕಾದರೆ ಬೇಕಾಗುತ್ತದೆ.