ಐದನೇ ಈಜುಡುಗೆ ಕೊನೆಗೂ ಕೂತಿತು

ಹೋದ ವಾರ 25 ಮೀಟರ್ ಕೊಳದಲ್ಲಿ 40 ಲ್ಯಾಪ್ ಹೊಡೆದೆ. ಸರಿಯಾಗಿ ಒಂದು ಕಿಲೋಮೀಟರ್. ಮೇಲೆ ಬಂದವನು ಎದೆ ಮುಚ್ಚಿಕೊಳ್ಳಲು ಟವೆಲ್ ಹುಡುಕಲಿಲ್ಲ. ಕೊಳದ ಅಂಚಿನಲ್ಲೇ ಕಾಲು ಇಳಿಬಿಟ್ಟು ಕೂತೆ. ಈಜು ಬಲ್ಲವರಿಗೆ ಇದೇನು ದೊಡ್ಡ ಸುದ್ದಿಯಲ್ಲ. ಆದರೆ ಎದೆಯ ಆಪರೇಷನ್ ಆಗದ, ನನ್ನಂಥ ಟ್ರಾನ್ಸ್ ಪುರುಷರಿಗೆ (ಹುಟ್ಟಿದಾಗ ಹೆಣ್ಣು ಅಂತ ಬರೆಸಿಕೊಂಡ ಗಂಡಸರಿಗೆ) ಟವೆಲ್ ಹುಡುಕದೆ ಕೂರೋದು ಅಂದರೆ ಏನು ಅಂತ ಚೆನ್ನಾಗಿ ಗೊತ್ತು. ಹಾಗಾಗಿ ಸ್ವಲ್ಪ ಜಂಬ ಕೊಚ್ಚಿಕೊಂಡರೆ ಸಹಿಸಿಕೊಳ್ಳಿ.

ಇಲ್ಲಿಗೆ ಬರಲು ಎರಡು ವರ್ಷ ಹಿಡಿಯಿತು. ನಾಲ್ಕು ಉಡುಗೆ ದಂಡವಾದವು, ಐದನೆಯದು ಕೂತಿತು. ನಾನೇ ಹೊಲಿಯುತ್ತೇನೆ ಅಂದಾಗ ಗೆಳೆಯನೊಬ್ಬ ನಕ್ಕಿದ್ದ. 'ಬೈಂಡರ್ ಇಲ್ಲದೆ ನೀರಿಗಿಳೀತೀಯಾ? ಆಗೋ ಮಾತಾಡೋ. ಆಪರೇಷನ್ ಆಗೋ ತನಕ ಈಜು ಮರೆತುಬಿಡು' ಅಂದ. ಬೈಂಡರ್ ಅಂದರೆ ಎದೆಯನ್ನು ಒತ್ತಿ ಚಪ್ಪಟೆ ಮಾಡುವ ಬಿಗಿ ಒಳ ಅಂಗಿ. ಅವನೂ ಟ್ರಾನ್ಸ್ ಪುರುಷನೇ, ಅದಕ್ಕೇ ಆ ಮಾತು ಜಾಸ್ತಿ ಚುಚ್ಚಿತು. ಅವನ ವಿಷಯ ಕೊನೆಗೆ ಹೇಳುತ್ತೇನೆ.

ಮೊದಲನೇ ಪ್ರಯತ್ನ ಎಲ್ಲರೂ ಮಾಡುವುದೇ. ದೊಗಲೆ ಹತ್ತಿ ಟಿ-ಶರ್ಟ್. ನೀರಿಗೆ ಹಾರಿದ ತಕ್ಷಣ ಒಳಗೆ ಗಾಳಿ ತುಂಬಿ ಬಲೂನಿನ ಹಾಗೆ ಕುತ್ತಿಗೆಗೆ ಬಂತು. ಮೇಲೆ ಹತ್ತಿದಾಗ ಚರ್ಮಕ್ಕೆ ಅಂಟಿಕೊಂಡು ಇದ್ದದ್ದನ್ನೆಲ್ಲ ಅಚ್ಚೊತ್ತಿ ತೋರಿಸಿತು. ಅಷ್ಟರಲ್ಲಿ ಲೈಫ್‌ಗಾರ್ಡ್ ಸೀಟಿ ಊದಿದ. ಹತ್ತಿ ಬಟ್ಟೆಯಲ್ಲಿ ನೀರಿಗಿಳಿಯುವಂತಿಲ್ಲ ಅಂತ. ಆ ನಿಯಮ ಬಹಳ ಕೊಳಗಳಲ್ಲಿದೆ. ಈಗ ಹೊಸ ಕೊಳಕ್ಕೆ ಹೋಗುವ ಮೊದಲು ಫೋನ್ ಮಾಡಿ 'ರಾಷ್ ಗಾರ್ಡ್ ಹಾಕಬಹುದಾ' ಅಂತ ಮಾತ್ರ ಕೇಳುತ್ತೇನೆ. ರಾಷ್ ಗಾರ್ಡ್ ಅಂದರೆ ಈಜಲು ಹಾಕುವ ಮೇಲಂಗಿ. ಬೇರೆ ಏನನ್ನೂ ಹೇಳಲ್ಲ. ಬಿಸಿಲಿಗೆ ಚರ್ಮ ಸುಡುವವರೂ ಅದನ್ನೇ ಕೇಳುತ್ತಾರೆ, ಯಾರಿಗೂ ಅನುಮಾನ ಬರಲ್ಲ.

ಎರಡನೆಯದು ಬೈಂಡರ್. ಬೈಂಡರ್ ಹಾಕಿಕೊಂಡು ಈಜಲೇಬಾರದು ಅಂತೇನಲ್ಲ. ಒಂದು ಸೈಜ್ ದೊಡ್ಡದು, ಇಲ್ಲವೇ ಹಳೆಯದಾಗಿ ಸಡಿಲವಾದದ್ದು ಹಾಕಿಕೊಳ್ಳಿ ಅಂತ ಬೈಂಡರ್ ಮಾಡುವವರೇ ಹೇಳುತ್ತಾರೆ. ನಾನು ಹೊಸದನ್ನೇ ಬಿಗಿದುಕೊಂಡು ಇಳಿದೆ. ಆರನೇ ಲ್ಯಾಪಿಗೆ ಉಸಿರು ಸಾಲಲಿಲ್ಲ. ಕೂತಲ್ಲಿ ಗೊತ್ತಾಗದ ಬಿಗಿ ಈಜುವಾಗ ಗೊತ್ತಾಗುತ್ತೆ. ಬಾಯಿ ತೆರೆದು ಗಾಳಿ ಎಳೆದರೆ ಪಕ್ಕೆಲುಬು ಹಿಗ್ಗಲು ಜಾಗವೇ ಇಲ್ಲ. ಗೋಡೆ ಹಿಡಿದು ನಿಂತೆ.

ಆದರೆ ಅದರ ಅಸಲಿ ಆಟ ಶುರುವಾಗಿದ್ದು ಬಟ್ಟೆ ಬದಲಿಸುವ ಕೋಣೆಯಲ್ಲಿ. ಒದ್ದೆ ಬೈಂಡರ್ ತೆಗೆದು ನೋಡಿದವರಿಗೆ ಗೊತ್ತು. ಭುಜದ ತನಕ ಸುರುಳಿ ಸುತ್ತಿಕೊಂಡು ಬಂತು, ಅಲ್ಲಿ ಕಚ್ಚಿಕೊಂಡಿತು. ಎರಡೂ ಕೈ ಮೇಲೆ, ಮುಖ ಬಟ್ಟೆಯೊಳಗೆ, ಮೊಣಕೈ ಗೋಡೆಗೆ ಬಡಿಯುತ್ತಿದೆ. ಹೊರಗೆ ಯಾರೋ ಬಾಗಿಲು ತಟ್ಟಿ 'ಬೇಗ ಬನ್ನಿ ಸಾರ್' ಅಂದರು. 'ಸಾರ್' ಅಂದಿದ್ದಕ್ಕೆ ಖುಷಿಪಡಲೋ, ಸಿಕ್ಕಿಕೊಂಡಿದ್ದಕ್ಕೆ ಅಳಲೋ ಗೊತ್ತಾಗಲಿಲ್ಲ. ಹತ್ತು ನಿಮಿಷ ಹಾಗೇ ನಿಂತಿದ್ದೆ. ಪಕ್ಕೆಲುಬು ಮೂರು ದಿನ ನೋಯಿತು. ಅದೇ ಬೈಂಡರನ್ನು ಮತ್ತೆ ಮತ್ತೆ ನೀರಿಗಿಳಿಸಿದ್ದಕ್ಕೆ ಎರಡು ತಿಂಗಳಲ್ಲಿ ಅದರ ಎಲಾಸ್ಟಿಕ್ ಸತ್ತುಹೋಯಿತು. ತಮಾಷೆ ಅಂದರೆ, ಸತ್ತ ಮೇಲೇ ಅದು ಈಜಲು ಸ್ವಲ್ಪ ಲಾಯಕ್ಕಾಗಿದ್ದು.

ಹಣದ ಲೆಕ್ಕ ಇಲ್ಲಿಂದಲೇ ಶುರು ಮಾಡೋಣ. ಒಂದು ಒಳ್ಳೆ ಬೈಂಡರಿನ ಬೆಲೆಯನ್ನು 'ಒಂದು' ಅಂತ ಇಟ್ಟುಕೊಳ್ಳಿ. ಇಲ್ಲಿಗೆ ಒಂದು ಹೋಯಿತು.

ಮೂರನೆಯದು ಟೇಪು. ಎದೆಯನ್ನು ಪಕ್ಕಕ್ಕೆ ಎಳೆದು ಅಂಟಿಸುವ, ಆಟಗಾರರು ಸ್ನಾಯುವಿಗೆ ಹಾಕಿಕೊಳ್ಳುವ ಜಾತಿಯ ಟೇಪು. ಇದು ಕೆಲಸ ಮಾಡುತ್ತೆ, ಸುಳ್ಳು ಹೇಳಲ್ಲ. ನೀರಲ್ಲೂ ನಿಲ್ಲುತ್ತೆ, ಉಸಿರಿಗೂ ಅಡ್ಡಿಯಿಲ್ಲ. ಕೆಟ್ಟಿದ್ದು ನನ್ನ ಬುದ್ಧಿ. ಮೊದಲು ಸಣ್ಣ ತುಂಡೊಂದನ್ನು ಅಂಟಿಸಿ ಒಂದು ದಿನ ಚರ್ಮ ನೋಡಬೇಕಿತ್ತು, ನೋಡಲಿಲ್ಲ. ಟೇಪಿನ ಎರಡೂ ತುದಿಯನ್ನು ಎಳೆಯದೆ ಸುಮ್ನೆ ಇಡಬೇಕು, ಎಳೆತ ಮಧ್ಯಕ್ಕೆ ಮಾತ್ರ. ನಾನು ತುದಿಯನ್ನೂ ಎಳೆದೆ. ಸಂಜೆ ತೆಗೆಯುವಾಗ ಎಣ್ಣೆ ಹಚ್ಚಿ ಕಾಯುವ ತಾಳ್ಮೆ ಇರಲಿಲ್ಲ, ಒಂದೇ ಸಲ ಕಿತ್ತೆ. ಟೇಪಿನ ಜೊತೆ ಕಂಕುಳ ಕೆಳಗಿನ ಚರ್ಮವೂ ಬಂತು, ಹೆಬ್ಬೆಟ್ಟಿನಷ್ಟು ಅಗಲ. ಎರಡು ವಾರ ನೀರು ಬಂದ್. ಟೇಪಿಗೆ ಅರ್ಧ, ಚರ್ಮದ ಡಾಕ್ಟರಿಗೂ ಮುಲಾಮಿಗೂ ಮುಕ್ಕಾಲು ಹೋಯಿತು. ನಂದು ತೆಳು ಚರ್ಮ. ನಿಮಗೆ ಟೇಪು ಒಗ್ಗಿದರೆ ಮುಂದಿನದನ್ನು ಓದುವ ಅಗತ್ಯವೇ ಇಲ್ಲ. ಒಂದು ಮಾತು ಮಾತ್ರ: ಟೇಪನ್ನಾಗಲಿ ಕ್ರೇಪ್ ಬ್ಯಾಂಡೇಜನ್ನಾಗಲಿ ಎದೆಯ ಸುತ್ತ ಪೂರ್ತಿ ಸುತ್ತಲೇಬೇಡಿ.

ನಾಲ್ಕನೆಯದು ನಿಯೋಪ್ರೀನ್ (ರಬ್ಬರ್ ಸ್ಪಂಜಿನಂಥ ಬಟ್ಟೆ) ಜಾಕೆಟ್, ಮುಂದೆ ಜಿಪ್ ಇರುವಂಥದ್ದು, ಎರಡು ಮಿಲಿಮೀಟರ್ ದಪ್ಪ. ಕನ್ನಡಿ ಮುಂದೆ ನಿಂತಾಗ ಇದೇ ಕೊನೇದು ಅಂದುಕೊಂಡೆ, ಅಷ್ಟು ಚೆನ್ನಾಗಿ ಕಾಣುತ್ತಿತ್ತು. ಆದರೆ ಕೊಳದ ನೀರು 27-28 ಡಿಗ್ರಿ ಇರುತ್ತೆ. ನಾಲ್ಕೇ ಲ್ಯಾಪಿಗೆ ಬೆವರಿ ಬೆಂದುಹೋದೆ. ಅದು ತೇಲುವ ವಸ್ತು ಬೇರೆ, ಎದೆ ಮೇಲೆತ್ತಿ ಕಾಲು ಕೆಳಗೆ ಮಾಡಿತು. ತಣ್ಣನೆ ಸಮುದ್ರಕ್ಕೆ ಹೋಗುವವರಿಗೆ ಇದಕ್ಕಿಂತ ಒಳ್ಳೆಯದು ಇಲ್ಲ. ನನಗೆ ಎರಡು ಬೈಂಡರಿನ ದುಡ್ಡು ದಂಡ.

ಇಲ್ಲಿ ಕೂತು ಯೋಚಿಸಿದೆ. ನಾಲ್ಕು ಸಲವೂ ನಾನು ಕೇಳಿದ್ದು ಒಂದೇ ಪ್ರಶ್ನೆ: ಎದೆ ಚಪ್ಪಟೆ ಮಾಡೋದು ಹೇಗೆ? ಆದರೆ ಕೊಳದಲ್ಲಿ ಚಪ್ಪಟೆ ಎದೆಯವರು ಎಷ್ಟು ಜನ ಇದ್ದಾರೆ? ದಪ್ಪ ಗಂಡಸರ ಎದೆಯನ್ನು ಯಾರೂ ತಿರುಗಿ ನೋಡಲ್ಲ. ಕಣ್ಣು ಹಿಡಿಯೋದು ಗಾತ್ರವನ್ನಲ್ಲ, ಅಂಚನ್ನು. ಎದೆಯ ಕೆಳಗಿನ ಗೆರೆ, ಪಕ್ಕದ ನೆರಳು, ನಡುವಿನ ತಗ್ಗು. ಆ ಗೆರೆಗಳನ್ನು ಮಬ್ಬು ಮಾಡಿದರೆ ಸಾಕು ಅಲ್ವಾ? ಒತ್ತುವ ಕೆಲಸ ಅರ್ಧ ಕಡಿಮೆಯಾಯಿತು.

ಈಗ ಐದನೆಯದು. ಎರಡು ಪದರ. ಒಳಗಿನದು ತೋಳಿಲ್ಲದ ಬನಿಯನ್ ಆಕಾರದ್ದು. ಬೆನ್ನು ಮತ್ತು ಪಕ್ಕ ಪೂರ್ತಿ ಹಿಗ್ಗುವ ಈಜು ಬಟ್ಟೆ. ಮುಂಭಾಗಕ್ಕೆ ಮಾತ್ರ, ಕಂಕುಳಿಂದ ಕಂಕುಳ ತನಕ, ಎರಡು ಪದರ ಪವರ್ ಮೆಶ್, ಅಂದರೆ ಬಿಗಿ ಹಿಡಿಯುವ ಜಾಳಿಗೆ ಬಟ್ಟೆ. ಮೆಶ್ ಕತ್ತರಿಸುವಾಗ ಕಡಿಮೆ ಹಿಗ್ಗುವ ದಿಕ್ಕು ಅಡ್ಡಕ್ಕೆ ಬರಬೇಕು. ನಾನು ಮೊದಲ ಸಲ ಉಲ್ಟಾ ಕತ್ತರಿಸಿ ಒಂದು ಮೀಟರ್ ಹಾಳು ಮಾಡಿದೆ. ಹೀಗೆ ಮಾಡಿದರೆ ಮುಂದೆ ಹಿಡಿತ ಇರುತ್ತೆ, ಹಿಂದೆ ಪಕ್ಕೆಲುಬಿಗೆ ಜಾಗ ಇರುತ್ತೆ. ಉಸಿರು ಪೂರ್ತಿ ಎಳೆದಾಗ ಬೆನ್ನ ಕಡೆ ಎರಡು ಬೆರಳು ಸಲೀಸಾಗಿ ಹೋಗಬೇಕು. ಹೋಗದಿದ್ದರೆ ಬಿಚ್ಚಿ ಮತ್ತೆ ಹೊಲಿಯಿರಿ. ಬಾಲ್‌ಪಾಯಿಂಟ್ ಸೂಜಿ, ಪಾಲಿಯೆಸ್ಟರ್ ದಾರ, ಝಿಗ್‌ಝ್ಯಾಗ್ ಹೊಲಿಗೆ. ನೇರ ಹೊಲಿಗೆ ಹಾಕಿದರೆ ಮೊದಲ ಡೈವಿಗೇ ಪಟಪಟ ಬಿಚ್ಚಿಕೊಳ್ಳುತ್ತೆ. ಮುಂದೆ ಜಿಪ್ ಇಟ್ಟಿದ್ದೇನೆ. ಯಾಕೆ ಅಂತ ಮತ್ತೆ ಹೇಳಬೇಕಾ?

ಹೊರಗಿನದು ರೆಡಿಮೇಡ್ ರಾಷ್ ಗಾರ್ಡ್, ಒಂದು ಸೈಜ್ ದೊಡ್ಡದು, ಯುಪಿಎಫ್ 50+ ಅಂತ ಬರೆದದ್ದು. ಅಂದರೆ ಬಿಸಿಲಿನ ಅತಿನೇರಳೆ ಕಿರಣದಲ್ಲಿ ಐವತ್ತರಲ್ಲಿ ಒಂದು ಪಾಲಿಗಿಂತ ಜಾಸ್ತಿ ಒಳಗೆ ಬಿಡಲ್ಲ. ನಾನು ಕೊಂಡಿದ್ದು ಅದಕ್ಕಲ್ಲ, ಆ ಬಟ್ಟೆ ಒತ್ತಾಗಿ ನೇಯ್ದದ್ದು, ಒದ್ದೆಯಾದಾಗ ಪಾರದರ್ಶಕ ಆಗಲ್ಲ ಅಂತ. ಬಣ್ಣ ಗಾಢ ಇರಲಿ, ಆದರೆ ಒಂದೇ ಬಣ್ಣ ಬೇಡ. ಒಂದೇ ಬಣ್ಣದ ಒದ್ದೆ ಬಟ್ಟೆ ಮೇಲೆ ಬೆಳಕು ಬಿದ್ದರೆ ಪ್ರತಿ ಉಬ್ಬೂ ಹೊಳೆಯುತ್ತೆ. ಓರೆ ಪಟ್ಟೆ, ದೊಡ್ಡ ಎಲೆ ಪ್ರಿಂಟ್, ಹೀಗೆ ಏನಾದರೂ ಗೆರೆ ಮುರಿಯುವಂಥದ್ದು ಬೇಕು. ಎದೆಗೆ ಅಡ್ಡವಾಗಿ ಓಡುವ ಸಾಲು ಪಟ್ಟೆ ಮಾತ್ರ ಬೇಡವೇ ಬೇಡ, ಅದು ನಕ್ಷೆ ಬರೆದ ಹಾಗೆ ಬಾಗುತ್ತೆ.

ಹೊರ ಅಂಗಿ ಡೈವ್ ಮಾಡಿದಾಗ ಮೇಲೇರದಂತೆ ಶಾರ್ಟ್ಸಿಗೆ ಹಿಡಿಸುವ ಒಂದು ಉಪಾಯ ಇದೆ. ಹೊರಗಿಂದ ಕಾಣಲ್ಲ. ಅದನ್ನು ಇಲ್ಲಿ ಬರೆಯಲ್ಲ, ಬೇಜಾರಾಗಬೇಡಿ. ಮೂರು ತಿಂಗಳ ನಿದ್ದೆ ಕೆಟ್ಟು ಕಂಡುಕೊಂಡಿದ್ದು ಅದು.

ಪರೀಕ್ಷೆ ಯಾವಾಗಲೂ ಒದ್ದೆಯಲ್ಲೇ ಮಾಡಿ. ಅಂಗಡಿಯ ಕನ್ನಡಿಯಲ್ಲಿ ಒಣಗಿದ ಬಟ್ಟೆ ಎಲ್ಲರಿಗೂ ಚಂದ. ನಾನು ಬಚ್ಚಲಲ್ಲಿ ಎರಡು ಬಕೆಟ್ ನೀರು ಸುರಿದುಕೊಂಡು ಕೈ ಮೇಲೆತ್ತಿ, ಬಗ್ಗಿ, ಕುಕ್ಕರಗಾಲಲ್ಲಿ ಕೂತು, ಎದ್ದು, ಪಕ್ಕದಿಂದ ಫೋಟೋ ತೆಗೆದು ನೋಡುತ್ತಿದ್ದೆ. ನೀರಿನೊಳಗೆ ಎಲ್ಲ ಸರಿಯೇ ಇರುತ್ತೆ. ಮೆಟ್ಟಿಲು ಹತ್ತಿ ಮೇಲೆ ಬರುವ ಆ ಹತ್ತು ಸೆಕೆಂಡಿನಲ್ಲೇ ಬಟ್ಟೆ ಗೆಲ್ಲೋದು, ಸೋಲೋದು.

ಶಾರ್ಟ್ಸ್ ವಿಷಯ ಬೇಗ ಮುಗಿಸುತ್ತೇನೆ. ಸೊಂಟಕ್ಕೆ ಕೊಂಡರೆ ಕೆಳಗೆ ಹಿಡಿಯುತ್ತೆ. ಕೆಳಗಿನ ಅಳತೆಗೆ ಕೊಂಡು ಸೊಂಟವನ್ನು ಲಾಡಿಯಲ್ಲಿ ಬಿಗಿ ಮಾಡಿ. ಒಳಗಿನ ಜಾಳಿಗೆ ಲೈನಿಂಗ್ ಕತ್ತರಿಸಿ ಎಸೆದು, ಕೆಳಗೆ ಜಾಮರ್, ಅಂದರೆ ಮೊಣಕಾಲ ತನಕದ ಬಿಗಿ ಈಜು ಚಡ್ಡಿ ಹಾಕಿಕೊಳ್ಳಿ. ಮುಟ್ಟಿನ ದಿನಗಳಿಗೂ ಅದೇ ಕಪ್ಪು ಜಾಮರ್, ಒಳಗೆ ಕಪ್. ಅಷ್ಟೇ.

ಪ್ಯಾಕರ್ ಬಗ್ಗೆ, ಅಂದರೆ ಗಂಡಸಿನ ಉಬ್ಬು ಕಾಣಲು ಚಡ್ಡಿಯೊಳಗೆ ಇಡುವ ವಸ್ತುವಿನ ಬಗ್ಗೆ ಮಾತ್ರ ಹೇಳಲೇಬೇಕು. ಮೊದಲು ಸಾಕ್ಸ್ ಸುತ್ತಿ ಇಟ್ಟಿದ್ದೆ. ಅದು ನೀರು ಕುಡಿದು ತೊಡೆಯ ಹತ್ತಿರ ಜೋತುಬಿತ್ತು. ಆಮೇಲೆ ಸಿಲಿಕೋನ್ ಪ್ಯಾಕರ್ ತಂದೆ, ಜೇಬಿಲ್ಲದೆ ಸುಮ್ನೆ ಜಾಮರ್ ಒಳಗೆ ಇಟ್ಟೆ. ಏಳನೇ ಲ್ಯಾಪಿನಲ್ಲಿ ಕಾಲಿನ ಸಂದಿಯಿಂದ ಜಾರಿತು. ಸಿಲಿಕೋನ್ ನೀರಿಗಿಂತ ಸ್ವಲ್ಪ ಭಾರ, ತೇಲಲ್ಲ. ಮೆಲ್ಲಗೆ, ಬಹಳ ಗಂಭೀರವಾಗಿ ತಳಕ್ಕೆ ಇಳಿಯಿತು. ಅದೇ ಸಾಲಿನಲ್ಲಿ ಒಬ್ಬ ಹಿರಿಯರು ಕನ್ನಡಕ ಹಾಕಿ ಬ್ರೆಸ್ಟ್ ಸ್ಟ್ರೋಕಿನಲ್ಲಿ ಬರುತ್ತಿದ್ದಾರೆ. ನಾನು ಅಷ್ಟು ವೇಗವಾಗಿ ಅದಕ್ಕೆ ಮೊದಲೂ ಮುಳುಗಿರಲಿಲ್ಲ, ಆಮೇಲೂ ಇಲ್ಲ. ಈಗ ಜಾಮರಿನ ಒಳಗೆ ಮೆಶ್ ಜೇಬು ಹೊಲಿದಿದ್ದೇನೆ, ಮೇಲೆ ಮುಚ್ಚಳ ಸಮೇತ. ಶಾರ್ಟ್ಸ್, ಜಾಮರ್, ಪ್ಯಾಕರ್ ಎಲ್ಲ ಸೇರಿ ಒಂದೂವರೆ.

ನಡುವೆ ಒಂದು ಹುಚ್ಚು ಪ್ರಯೋಗವನ್ನೂ ಮಾಡಿದೆ. ಯಾವ ಬಟ್ಟೆ ಕ್ಲೋರಿನ್ ತಡೆಯುತ್ತೆ ಅಂತ ನೋಡಲು ಒಂದು ಗೇಣು ಉದ್ದದ ತುಂಡುಗಳನ್ನು ಕತ್ತರಿಸಿ ಮುಚ್ಚಳದ ಬಾಟಲಿಗಳಲ್ಲಿ ಕೊಳದ ನೀರು ಹಾಕಿ ಕತ್ತಲಲ್ಲಿಟ್ಟೆ. ಈಜಿ ಬಂದಾಗಲೆಲ್ಲ ನೀರು ಬದಲಿಸಿದೆ. ಸುಮಾರು ಎರಡು ತಿಂಗಳು. ಸ್ಪ್ಯಾಂಡೆಕ್ಸ್, ಅಂದರೆ ಹಿಗ್ಗುವ ನೂಲು, ಜಾಸ್ತಿ ಇದ್ದ ತುಂಡು ಹಳೆಯ ಲಂಗದ ಎಲಾಸ್ಟಿಕ್ ಹಾಗಾಯಿತು. ಪಾಲಿಯೆಸ್ಟರ್ ಮತ್ತು ಪಿಬಿಟಿ (ಅದೂ ಪಾಲಿಯೆಸ್ಟರ್ ಜಾತಿಯ ನೂಲೇ) ಸೇರಿದ ತುಂಡು ಇದ್ದ ಹಾಗೇ ಇತ್ತು. ಅದಕ್ಕೇ ಒಳಪದರದ ಬೆನ್ನಿಗೆ ಪಿಬಿಟಿ ಬಟ್ಟೆ. ಮೆಶ್ ಮಾತ್ರ ಎಷ್ಟಾದರೂ ಸಾಯುವಂಥದ್ದೇ, ಹಾಗಾಗಿ ಆ ಮುಂಭಾಗವನ್ನು ಸುಲಭವಾಗಿ ಬಿಚ್ಚಿ ಬದಲಿಸುವಂತೆ ಹೊಲಿದಿದ್ದೇನೆ. ಆರು ತಿಂಗಳಿಗೊಮ್ಮೆ ಬದಲಿಸಿದರೆ ಸಾಕು. ಈಜಿದ ತಕ್ಷಣ ತಣ್ಣೀರಲ್ಲಿ ಜಾಲಿಸಿ, ಹಿಂಡದೆ ಟವೆಲಿನಲ್ಲಿ ಸುತ್ತಿ ಒತ್ತಿ, ನೆರಳಲ್ಲಿ ಒಣಗಿಸುತ್ತೇನೆ.

ಇದನ್ನು ನೋಡಿ ಟ್ರಾನ್ಸ್ ಗೆಳತಿಯೊಬ್ಬಳು ತನಗೂ ಒಂದು ಹೊಲಿದುಕೊಡು ಅಂತ ಗಂಟುಬಿದ್ದಳು. ಅವಳ ಸಮಸ್ಯೆಯೇ ಬೇರೆ. ಹೆಂಗಸರ ಈಜುಡುಗೆಯಲ್ಲಿ ಕಾಲ ನಡುವಿನ ಪಟ್ಟಿ ಬಹಳ ಕಿರಿದು. ಅದನ್ನು ಒಂದೂವರೆ ಇಂಚು ಅಗಲ ಮಾಡಿ, ಒಳಗೆ ಎರಡು ಪದರ ಮೆಶ್ ಕೊಟ್ಟೆ. ಟಕ್ ಮಾಡಿದ್ದು, ಅಂದರೆ ಉಬ್ಬು ಕಾಣದಂತೆ ಹಿಂದಕ್ಕೆ ಮಡಚಿಟ್ಟಿದ್ದು, ಅಲ್ಲೇ ನಿಂತಿತು, ಟೇಪಿನ ಗೋಳು ತಪ್ಪಿತು. ಮೇಲೆ ಗಿಡ್ಡ ಸ್ಕರ್ಟ್ ಅಂಚು. ಒಂದೇ ತುಂಡಿನ ಉಡುಗೆ ಅವಳಿಗೆ ಭುಜದಿಂದ ಕೆಳಗೆಳೆಯುತ್ತಿತ್ತು. ಭುಜದಿಂದ ಕಾಲ ನಡುವೆ ಹಾದು ಮತ್ತೆ ಭುಜಕ್ಕೆ ಬರುವ ಸುತ್ತಳತೆ ತೆಗೆದು ನೋಡಿದರೆ ಅವಳ ಮುಂಡ ಉದ್ದ. ಎರಡು ತುಂಡಿನ ಟ್ಯಾಂಕಿನಿ ಮಾಡಿದ ಮೇಲೆ ಸರಿಹೋಯಿತು. ಎದೆಗೆ ಅವಳೇ ಒಂದು ಜಾಣತನ ಮಾಡಿದಳು. ಸ್ತನ ಕ್ಯಾನ್ಸರ್ ಆಪರೇಷನ್ ಆದವರಿಗೆ ಅಂತ ಮಾಡುವ ಈಜುಡುಗೆಗಳಲ್ಲಿ ಒಳಗೇ ಜೇಬು ಇರುತ್ತೆ. ಅದರ ಮೇಲ್ಭಾಗ ತಂದುಕೊಟ್ಟಳು. ಎದೆಯ ಆಕಾರದ ಸಿಲಿಕೋನ್ ಫಾರ್ಮ್ ಅದರಲ್ಲಿ ಕೂತರೆ ಅಲುಗಾಡಲ್ಲ.

ನನ್ನ ಉಡುಗೆಗೂ ಒಂದು ಮಿತಿ ಇದೆ. 2010ರಿಂದ ಕೊಳದಲ್ಲಿ ನಡೆಯುವ ಅಂತರರಾಷ್ಟ್ರೀಯ ಸ್ಪರ್ಧೆಗಳ ನಿಯಮದಲ್ಲಿ ಗಂಡಸರ ಈಜುಡುಗೆ ಹೊಕ್ಕುಳಿಂದ ಮೇಲೆ ಬರುವಂತಿಲ್ಲ, ಮೊಣಕಾಲಿಂದ ಕೆಳಗೂ ಇಳಿಯುವಂತಿಲ್ಲ. ಆ ನಿಯಮ ಇರುವ ಕಡೆ ನನ್ನ ಎರಡು ಪದರಕ್ಕೆ ಜಾಗವಿಲ್ಲ. ಇರಲಿ, ನನ್ನ ವೇಗಕ್ಕೆ ಯಾರೂ ಕಾದು ಕೂತಿಲ್ಲ.

ಒಟ್ಟು ಲೆಕ್ಕ: ದಂಡ ಆಗಿದ್ದು ಮತ್ತು ಶಾರ್ಟ್ಸ್ ಸೇರಿ ಹತ್ತಿರ ಹತ್ತಿರ ಆರು ಬೈಂಡರಿನ ದುಡ್ಡು. ಕೊನೆಗೆ ಗೆದ್ದ ಮೇಲುಡುಗೆಗೆ ಬಟ್ಟೆ, ಮೆಶ್, ಜಿಪ್, ರಾಷ್ ಗಾರ್ಡ್ ಎಲ್ಲ ಸೇರಿ ಒಂದಕ್ಕಿಂತ ಕಡಿಮೆ. ಹೊಲಿಗೆ ಕೂಲಿ ಬಿಟ್ಟು.

ನಕ್ಕಿದ್ದ ಗೆಳೆಯ ಹೋದ ವಾರ ಕೊಳದ ಪಕ್ಕ ಕೂತು 40 ಲ್ಯಾಪನ್ನೂ ಎಣಿಸಿದ. ಮೇಲೆ ಬಂದಾಗ ನನ್ನ ಅಂಗಿಯ ಅಂಚು ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. 'ಇದು ಹೆಂಗೋ ಮೇಲೆ ಬರಲ್ಲ?' ಅಂದ. ಹೇಳಲಿಲ್ಲ. ನಾಲ್ಕು ದಿನದ ಹಿಂದೆ ಅವನ ಅಳತೆ ತಗೊಂಡಿದ್ದೇನೆ. ಮೆಶ್ ತರಿಸಬೇಕು, ಅಡ್ವಾನ್ಸ್ ಕೊಟ್ಟರೆ ಮಾತ್ರ ಕತ್ತರಿ ಹಾಕೋದು ಅಂತ ಹೇಳಿದ್ದೇನೆ.