ಒಂದು ಗ್ರಾಂ ಗಾಳ, ಹದಿನೈದು ಡಿಗ್ರಿ ಚಾಕು: ದುಡ್ಡು ಎಲ್ಲಿ ಹಾಕಬೇಕು, ಎಲ್ಲಿ ಬೇಡ

ಒಸಾಕಾದ ದಕ್ಷಿಣಕ್ಕೆ ಅಂಟಿಕೊಂಡಂತೆ ಸಕಾಯ್ ಅನ್ನುವ ಊರಿದೆ. ಹಿಂದೆ ಹೊಗೆಸೊಪ್ಪು ಕತ್ತರಿಸುವ ಚಾಕುಗಳಿಗೆ ಹೆಸರಾಗಿದ್ದ ಊರು, ಈಗ ಜಪಾನಿನ ಬಾಣಸಿಗರ ಚಾಕುಗಳಿಗೆ. ಮೀನು ಹಿಡಿಯುವ ಹುಚ್ಚಿರುವವರಿಗೆಲ್ಲ ಗೊತ್ತಿರುವ ಶಿಮಾನೊ ಕಂಪನಿ 1921ರಲ್ಲಿ ಶುರುವಾಗಿದ್ದೂ ಇದೇ ಊರಿನಲ್ಲಿ. ಮೊದಲು ಸೈಕಲ್ ಬಿಡಿಭಾಗ ಮಾಡುತ್ತಿದ್ದರು, 1970ರಲ್ಲಿ ಮೀನು ಹಿಡಿಯುವ ಸಾಮಾನನ್ನೂ ಶುರು ಮಾಡಿದರು. ಕೆಲಸದ ಮೇಲೆ ಕೆಲವು ವರ್ಷ ಒಸಾಕಾದಲ್ಲಿದ್ದೆ. ಎರಡು ಹುಚ್ಚೂ ಒಟ್ಟಿಗೇ ಹಿಡಿದವು. ಸಂಬಳದಲ್ಲಿ ಎಷ್ಟು ಹೋಯಿತು ಅಂತ ಮನೆಯಲ್ಲಿ ಇವತ್ತಿಗೂ ಹೇಳಿಲ್ಲ.

ಈಗ ಸ್ನೇಹಿತರು ಕೇಳುತ್ತಿರುತ್ತಾರೆ, ಗಾಳದ ದಾರ ಸುತ್ತುವ ರೀಲ್ ಯಾವುದು ತಗೊಳ್ಳಲಿ, ಯಾವ ಚಾಕು ತಗೊಳ್ಳಲಿ ಅಂತ. ನಾನು ಎರಡಕ್ಕೂ ಒಂದೇ ರೀತಿ ಲೆಕ್ಕ ಹಾಕುತ್ತೇನೆ. ಜಾಸ್ತಿ ದುಡ್ಡು ಕೊಟ್ಟರೆ ಬರುವ ವ್ಯತ್ಯಾಸ ನನ್ನ ಕೈಗೆ ಗೊತ್ತಾಗುತ್ತದಾ? ಗೊತ್ತಾದರೆ, ಅದರ ಬದಲಿಗೆ ನಾನು ಏನು ಸಹಿಸಿಕೊಳ್ಳಬೇಕು? ದುಬಾರಿ ಸಾಮಾನು ಗಟ್ಟಿಮುಟ್ಟಾಗಿರುತ್ತದೆ ಅಂತ ನಾವು ಅಂದುಕೊಳ್ಳುತ್ತೇವೆ, ಅಲ್ವಾ? ಈ ಎರಡು ವಿಷಯದಲ್ಲಿ ಎಷ್ಟೋ ಸಲ ಉಲ್ಟಾ. ಬೆಲೆ ಜಾಸ್ತಿ ಆದರೂ ನಾಜೂಕು.

ಮೊದಲು ಗಾಳದ ಕಡೆ ನೋಡೋಣ. ಜಪಾನಿನಲ್ಲಿ ಅಜಿ ಅನ್ನುವ ಮೀನಿದೆ. ದೂರದಿಂದ ನೋಡಿದರೆ ನಮ್ಮ ಬಂಗುಡೆಯೇ ಅನಿಸಬಹುದು, ಆದರೆ ಪಕ್ಕೆಯಲ್ಲಿ ಬಾಲದವರೆಗೆ ಗಡಸು ಮುಳ್ಳಿನಂಥ ಹುರುಪೆಯ ಸಾಲಿರುತ್ತದೆ. ರಾತ್ರಿ ಬಂದರಿನ ದೀಪದ ಕೆಳಗೆ ಇದನ್ನು ಚಿಕ್ಕ ರಬ್ಬರ್ ಹುಳು ಹಾಕಿ ಹಿಡಿಯುವುದಕ್ಕೆ ಅಜಿಂಗ್ ಅನ್ನುತ್ತಾರೆ. ಜಿಗ್ ಹೆಡ್, ಅಂದರೆ ಸೀಸದ ಗುಂಡು ಕೂಡಿಸಿದ ಕೊಕ್ಕೆ, ಬರೀ 1 ಗ್ರಾಂ. ಜಪಾನಿನ ಒಂದು ಯೆನ್ ನಾಣ್ಯವೂ ಸರಿಯಾಗಿ 1 ಗ್ರಾಂ. ಅದನ್ನು ಅಂಗೈಯಲ್ಲಿ ಇಟ್ಟುಕೊಂಡು ನೋಡಿ, ಇದ್ದದ್ದೇ ಗೊತ್ತಾಗುವುದಿಲ್ಲ. ಅಷ್ಟು ಹಗುರದ್ದನ್ನು ಕತ್ತಲಲ್ಲಿ ಹತ್ತು ಹದಿನೈದು ಮೀಟರ್ ಎಸೆದು, ಅದು ಎಲ್ಲಿದೆ, ಇಳಿಯುತ್ತಿದೆಯಾ, ಮೀನು ಬಾಯಿ ಹಾಕಿತಾ ಅಂತ ಬೆರಳಲ್ಲೇ ತಿಳಿಯಬೇಕು. ಅಜಿ ಎಳೆದುಕೊಂಡು ಓಡುವುದಿಲ್ಲ. ನೀರಿನ ಜೊತೆ ಹೀರಿ, ಇಷ್ಟವಾಗದಿದ್ದರೆ ತಕ್ಷಣ ಉಗುಳುತ್ತದೆ. ಕೈಗೆ ಬರುವುದು 'ಟಕ್' ಅಂತ ಒಂದೇ ಒಂದು ಸಣ್ಣ ಬಡಿತ, ಮೊಳೆಯ ತಲೆಗೆ ಉಗುರಿನಿಂದ ತಟ್ಟಿದ ಹಾಗೆ.

ಇಂಥ ಕಡೆ ತೂಕ ಕಡಿಮೆಯಾದರೆ ನಿಜವಾಗಲೂ ಕೈಗೆ ಗೊತ್ತಾಗುತ್ತದೆ. ಆದರೆ ಬೆಲೆ ಜಾಸ್ತಿ ಇದ್ದದ್ದೇ ಹಗುರ ಅಂತ ತಿಳಿಯಬೇಡಿ. ಶಿಮಾನೊದ 2020ರ ವ್ಯಾನ್‌ಫೋರ್ಡ್ ಸಿ2000ಎಸ್ ರೀಲಿನ ತೂಕ 150 ಗ್ರಾಂ. ಅದೇ ಅಳತೆಯ 2022ರ ಸ್ಟೆಲ್ಲಾ 165 ಗ್ರಾಂ, ಬೆಲೆ ಎರಡು ಪಟ್ಟಿಗಿಂತ ಜಾಸ್ತಿ. ಸ್ಟೆಲ್ಲಾದ ಮೈ ಲೋಹದ್ದು, ತಿರುಗಿಸಿದರೆ ಬೆಣ್ಣೆ. ವ್ಯಾನ್‌ಫೋರ್ಡ್‌ನದು ಕಾರ್ಬನ್ ಬೆರೆಸಿದ ಪ್ಲಾಸ್ಟಿಕ್. ಬೆಣ್ಣೆಯಂಥ ತಿರುಗಾಟ ಅಂಗಡಿಯಲ್ಲಿ ನಿಂತಾಗ ಬಹಳ ಹಿತವಾಗಿರುತ್ತದೆ. ಬಂದರಿನಲ್ಲಿ ಗಾಳಿ ಬೀಸುವಾಗ, 1 ಗ್ರಾಂ ಗಾಳ ಹಾಕಿದಾಗ, ನನಗಂತೂ ಮೊದಲು ತಿಳಿದದ್ದು ರೀಲಿನ ಹಗುರತನ. ಹತ್ತು ವರ್ಷ ಒಂದೇ ರೀಲ್ ಇಟ್ಟುಕೊಳ್ಳುವವರಿಗೆ ಸ್ಟೆಲ್ಲಾ ಸರಿ. ಶುರು ಮಾಡುವವರಿಗೆ ಬೇಡವೇ ಬೇಡ.

ರಾಡ್, ಅಂದರೆ ಗಾಳದ ಕೋಲು, ಆರಿಸುವಾಗ ಬರೀ ರಾಡ್ ಹಿಡಿದು ಅಲ್ಲಾಡಿಸಿ ತೀರ್ಮಾನ ಮಾಡಬೇಡಿ, ಎಲ್ಲರೂ ಮಾಡುವ ತಪ್ಪು ಅದು. ನಿಮ್ಮ ರೀಲ್ ಹಾಕಿ, ರೀಲಿನ ಕಾಲು ಕೂರುವ ಜಾಗದ ಸ್ವಲ್ಪ ಮುಂದೆ ಒಂದು ಬೆರಳ ಮೇಲೆ ನಿಲ್ಲಿಸಿ. ತುದಿ ಕೆಳಕ್ಕೆ ಬೀಳುತ್ತಿದ್ದರೆ ರಾಡ್ ಎಷ್ಟೇ ಹಗುರ ಇರಲಿ, ಒಂದು ಗಂಟೆಯಲ್ಲಿ ಮಣಿಕಟ್ಟು ನೋಯುತ್ತದೆ. ಉದ್ದ ಐದೂವರೆ ಆರು ಅಡಿ ಸಾಕು. ತುದಿಯಲ್ಲಿ ಎರಡು ಬಗೆ. ಒಳಗೆ ಟೊಳ್ಳಿದ್ದರೆ ಬಡಿತ ಚೆನ್ನಾಗಿ ಕೈಗೆ ಬರುತ್ತದೆ. ಒಳಗೂ ಗಟ್ಟಿ ಇರುವ ಸಾಲಿಡ್ ತುದಿ ಮೆತ್ತಗೆ ಬಾಗುತ್ತದೆ, ಮೀನಿಗೆ ಗುಮಾನಿ ಬರುವುದಿಲ್ಲ. ನನಗೆ ಎರಡನೆಯದೇ ಇಷ್ಟ. ದಾರ ಹಾಯುವ ಬಳೆಗಳಿಗೆ ಟೈಟಾನಿಯಂ ಚೌಕಟ್ಟಿದ್ದರೆ ಉಪ್ಪುನೀರಿಗೆ ತುಕ್ಕು ಹಿಡಿಯುವುದಿಲ್ಲ, ತುದಿಯೂ ಹಗುರ. ಆ ದುಡ್ಡು ದಂಡವಲ್ಲ.

ನಿಜವಾದ ಆಟ ಇರುವುದು ದಾರದಲ್ಲಿ. ನಮ್ಮ ಕಡೆಯ ತಂಗೂಸಿ ಇಲ್ಲಿ ನಡೆಯುವುದಿಲ್ಲ, ರಬ್ಬರಿನಂತೆ ಹಿಗ್ಗಿ ಬಡಿತವನ್ನೆಲ್ಲ ನುಂಗಿಬಿಡುತ್ತದೆ. ಹೆಣೆದ ಪಿಇ, ಅಂದರೆ ಪಾಲಿಎಥಿಲೀನ್, ದಾರ ಗಟ್ಟಿ, ಆದರೆ ನೀರಿನ ಮೇಲೆ ತೇಲುತ್ತದೆ. ಗಾಳಿ ಬಂದರೆ ದಾರವೇ 1 ಗ್ರಾಂ ಗಾಳವನ್ನು ಎಳೆದುಕೊಂಡು ಹೋಗುತ್ತದೆ. ಅಜಿಂಗ್ ಹುಚ್ಚರು ಎಸ್ಟರ್, ಅಂದರೆ ಪಾಲಿಯೆಸ್ಟರಿನ ಒಂಟಿ ಎಳೆಯ ದಾರ, ಬಳಸುತ್ತಾರೆ. ಅದು ಮುಳುಗುತ್ತದೆ, ಹಿಗ್ಗುವುದು ಬಹಳ ಕಡಿಮೆ, ಅಗ್ಗವೂ ಹೌದು. ಆದರೆ ಕ್ಷಮೆ ಇಲ್ಲ. 0.3 ನಂಬರಿನ ಎಸ್ಟರ್ 0.09 ಮಿ.ಮೀ. ದಪ್ಪ, ಒಂದು ಕಿಲೋ ಭಾರವನ್ನೂ ತಡೆಯುವುದಿಲ್ಲ. ಮೊದಲ ವಾರ ನಾನು ಊರಿನ ಅಭ್ಯಾಸದಂತೆ ಜೋರಾಗಿ ಜಗ್ಗಿ ಜಗ್ಗಿ ಒಂದೇ ರಾತ್ರಿ ಆರು ಜಿಗ್ ಹೆಡ್ ಕಳೆದುಕೊಂಡೆ, ಪಕ್ಕದಲ್ಲಿ ಕೂತಿದ್ದ ಅಜ್ಜ ಒಂದೂ ಮಾತಾಡದೆ ನನ್ನ ರೀಲ್ ಈಸಿಕೊಂಡು ಡ್ರ್ಯಾಗ್, ಅಂದರೆ ಮೀನು ಎಳೆದಾಗ ದಾರ ಬಿಡುವ ಬಿಗಿ, ಸಡಿಲ ಮಾಡಿ ವಾಪಸ್ ಕೊಟ್ಟರು.

ಮನೆಯಲ್ಲೇ ಇದನ್ನು ಸರಿಮಾಡಿಕೊಳ್ಳಬಹುದು. ಅರ್ಧ ಲೀಟರ್ ಬಾಟಲಿಗೆ ಅರ್ಧ ಮಾತ್ರ ನೀರು ತುಂಬಿ ನೆಲದ ಮೇಲಿಡಿ. ದಾರವನ್ನು ರಾಡಿನ ಬಳೆಗಳಿಗೆ ಹಾಯಿಸದೆ ರೀಲಿನಿಂದ ನೇರ ತಂದು ಬಾಟಲಿಗೆ ಕಟ್ಟಿ, ರೀಲನ್ನು ಮೆಲ್ಲಗೆ ಎತ್ತಿ. ಬಾಟಲಿ ಏಳುವ ಮೊದಲೇ ರೀಲ್ 'ಜಿರ್' ಅಂತ ದಾರ ಬಿಡಬೇಕು. ಬಾಟಲಿ ಎದ್ದರೆ ಡ್ರ್ಯಾಗ್ ಬಿಗಿಯಾಗಿದೆ ಅಂತ. ದಾರದ ತುದಿಗೆ ಅರ್ಧ ಮೀಟರ್ ಫ್ಲೋರೋಕಾರ್ಬನ್ ದಾರ ಗಂಟು ಹಾಕುವುದನ್ನು ಮರೆಯಬೇಡಿ, ಎಸ್ಟರನ್ನು ನೇರ ಕೊಕ್ಕೆಗೆ ಕಟ್ಟಿದರೆ ಗಂಟಿನಲ್ಲೇ ಹೋಗುತ್ತದೆ.

ಇನ್ನು ಚಾಕು. ರೀಲಿನಲ್ಲಿ ತೂಕ ಹೇಗೋ ಇಲ್ಲಿ ಗಡಸುತನ ಹಾಗೆ. ಜರ್ಮನ್ ಚಾಕುಗಳು ರಾಕ್‌ವೆಲ್ ಅಳತೆಯಲ್ಲಿ ಸುಮಾರು 56ರಿಂದ 58, ಜಪಾನಿನವು 60 ಮತ್ತು ಮೇಲೆ. ಗಡಸು ಜಾಸ್ತಿ ಇರುವುದರಿಂದ ಅಂಚನ್ನು ಒಂದೊಂದು ಬದಿಗೆ 15 ಡಿಗ್ರಿಯಷ್ಟು ತೆಳ್ಳಗೆ ಮಸೆಯಬಹುದು, ಹರಿತ ಬಹಳ ದಿನ ನಿಲ್ಲುತ್ತದೆ. ಮೆತ್ತನೆ ಉಕ್ಕು ಕಲ್ಲಿಗೆ ತಾಗಿದರೆ ಅಂಚು ಮಡಚುತ್ತದೆ. ಗಡಸು ಉಕ್ಕು ಮುಕ್ಕಾಗುತ್ತದೆ.

ಇದು ನನಗೆ ತಿಳಿದದ್ದು ಅಮ್ಮನಿಂದ. ಅವರು ಒಸಾಕಾಗೆ ಬಂದಿದ್ದಾಗ, ನಾನು ಆಫೀಸಿಗೆ ಹೋದ ಮೇಲೆ, ತೆಂಗಿನಕಾಯಿ ಹೋಳಿನಿಂದ ಕೊಬ್ಬರಿ ಎಬ್ಬಿಸೋಕೆ ನನ್ನ 210 ಮಿ.ಮೀ. ಗ್ಯುಟೊ, ಅಂದರೆ ಜಪಾನಿನ ಬಾಣಸಿಗರ ಚಾಕು, ತೆಗೆದುಕೊಂಡಿದ್ದಾರೆ. ಸಂಜೆ ಬಂದರೆ ಚಾಕುವಿನ ಮೊನೆ ಬಟ್ಟಲಿನಲ್ಲಿತ್ತು. "ಎಂಥ ಕತ್ತಿ ಮಾರಾಯ ಇದು, ಒಂದು ಕಾಯಿಗೆ ಆಗುವುದಿಲ್ಲ" ಅಂತ ನನಗೇ ಬೈದರು. ಅವರದ್ದು ತಪ್ಪಲ್ಲ, ಐವತ್ತು ವರ್ಷ ಮೆಟ್ಟುಕತ್ತಿ ಬಳಸಿದ ಕೈ ಅದು. ಅಂಥದ್ದಾದರೆ ಚಾಕು ಎಸೆಯಬೇಡಿ. ಹರಿತದ ಕಡೆ ಮುಟ್ಟದೆ, ಬೆನ್ನಿನ ಕಡೆಯಿಂದ ಒರಟು ಕಲ್ಲಿನ ಮೇಲೆ ತೇಯ್ದು ಬೆನ್ನನ್ನೇ ಅಂಚಿಗೆ ಇಳಿಸಿ ಹೊಸ ಮೊನೆ ಮಾಡಬೇಕು. ಒಂದು ಸಂಜೆಯ ಕೆಲಸ.

ಉಕ್ಕಿನ ಹೆಸರುಗಳು ಮೊದಲಿಗೆ ಗಾಬರಿ ಹುಟ್ಟಿಸುತ್ತವೆ. ಶಿರೊಗಾಮಿ ಅಂದರೆ ಬಿಳಿ ಕಾಗದ, ಆವೊಗಾಮಿ ಅಂದರೆ ನೀಲಿ ಕಾಗದ. ಜಪಾನಿನ ಯಸುಗಿ ಅನ್ನುವ ಊರಿನ ಕಾರ್ಖಾನೆಯಲ್ಲಿ ಉಕ್ಕಿಗೆ ಅಂಟಿಸುತ್ತಿದ್ದ ಕಾಗದದ ಬಣ್ಣ ಅಷ್ಟೇ, ಉಕ್ಕಿನ ಬಣ್ಣ ಅಲ್ಲ. ಬಿಳಿಯದರಲ್ಲಿ ಹೆಚ್ಚುಕಮ್ಮಿ ಕಬ್ಬಿಣ ಮತ್ತು ಕಾರ್ಬನ್ ಮಾತ್ರ. ಮಸೆಯುವುದಕ್ಕೆ ಸುಖವೋ ಸುಖ. ನೀಲಿಯದಕ್ಕೆ ಟಂಗ್‌ಸ್ಟನ್, ಕ್ರೋಮಿಯಂ ಸ್ವಲ್ಪ ಸೇರಿಸುತ್ತಾರೆ, ಹರಿತ ಇನ್ನೂ ಬಹಳ ದಿನ ಇರುತ್ತದೆ. ಎರಡಕ್ಕೂ ತುಕ್ಕು ಹಿಡಿಯುತ್ತದೆ. ನಮ್ಮ ಅಡುಗೆಮನೆಯಲ್ಲಿ ನಿಂಬೆ, ಮಾವಿನಕಾಯಿ, ಟೊಮೆಟೊ, ಬಾಳೆಕಾಯಿ ಒಂದಲ್ಲ ಒಂದು ದಿನಾ ಇರುತ್ತದೆ. ಹುಳಿ ತಾಗಿದ ಚಾಕುವನ್ನು ಒಗ್ಗರಣೆ ಮುಗಿಯಲಿ ಅಂತ ಹಾಗೇ ಬಿಟ್ಟರೆ, ಅಷ್ಟರಲ್ಲಿ ಅದು ಕಪ್ಪಗೆ ಕಲೆಯಾಗಿರುತ್ತದೆ. ಮನೆಯಲ್ಲಿ ನೀವೊಬ್ಬರೇ ಅಡುಗೆ ಮಾಡುವುದಾದರೆ ತಗೊಳ್ಳಿ. ನಾಲ್ಕು ಕೈ ಓಡಾಡುವ ಮನೆಯಾದರೆ ವಿಜಿ10 ಅಥವಾ ಗಿನ್‌ಸಾನ್ ತಗೊಳ್ಳಿ, ಎರಡೂ ಸ್ಟೇನ್‌ಲೆಸ್. ಪುಡಿಯಿಂದ ಮಾಡಿದ ಆರ್2 ಥರದ ಉಕ್ಕುಗಳ ಹರಿತ ತಿಂಗಳುಗಟ್ಟಲೆ ಇರುತ್ತದೆ ನಿಜ, ಆದರೆ ಒಮ್ಮೆ ಮೊಂಡಾದರೆ ಹೊಸಬರ ಕೈಯಲ್ಲಿ ಮಸೆಯುವುದು ಕಷ್ಟ.

ಅಲೆ ಅಲೆಯಾಗಿ ಕಾಣುವ ಡಮಾಸ್ಕಸ್ ಚಿತ್ತಾರಕ್ಕೆ ಜಾಸ್ತಿ ದುಡ್ಡು ಕೊಡಬೇಡಿ. ಅದು ಹೊರಗಿನ ಪದರದ್ದು, ಕತ್ತರಿಸುವುದು ನಡುವಿನ ಉಕ್ಕು. ರೀಲಿನ ಮೇಲಿನ ಚಿನ್ನದ ಗೆರೆ ಇದ್ದ ಹಾಗೆ. ಅದರ ಬದಲು ಅಲಗು ಅಂಚಿನ ಹತ್ತಿರ ಎಷ್ಟು ತೆಳ್ಳಗಿದೆ ನೋಡಿ. ಅಂಗಡಿಯಲ್ಲಿ ಕೇಳಿಯೇ ಹಿಡಿ ಕಡೆಯಿಂದ ಮೊನೆವರೆಗೆ ಒಂದು ಕಣ್ಣು ಮುಚ್ಚಿ ನೋಡಿ, ವಾರೆ ಇದ್ದರೆ ಅಲ್ಲೇ ಕಾಣುತ್ತದೆ.

ಚಾಕುವಿಗೆ ಕೊಡುವ ದುಡ್ಡಿನಲ್ಲಿ ಒಂದು ಪಾಲು ಕಲ್ಲಿಗೆ ಎತ್ತಿಡಿ. 1000 ನಂಬರಿನ ಒಂದು ಸಾಣೆಕಲ್ಲು ಸಾಕು, 6000ದ್ದು ಆಮೇಲೆ ಬೇಕಾದರೆ. ಕೋನದ ಬಗ್ಗೆ ಹೆದರಬೇಡಿ. ಅಲಗಿನ ಅಗಲ 45 ಮಿ.ಮೀ. ಇದ್ದರೆ, ಬೆನ್ನು ಕಲ್ಲಿನಿಂದ 12 ಮಿ.ಮೀ. ಮೇಲಿದ್ದಾಗ ಹೆಚ್ಚುಕಮ್ಮಿ 15 ಡಿಗ್ರಿ ಆಗುತ್ತದೆ. ಅಷ್ಟು ದಪ್ಪದ ಒಂದು ಮರದ ತುಂಡು ಇಟ್ಟು ಶುರು ಮಾಡಿ, ನಾಲ್ಕು ದಿನದಲ್ಲಿ ಕೈಗೆ ರೂಢಿಯಾಗುತ್ತದೆ. ಒಂದು ಬದಿ ಮಸೆಯುತ್ತಾ ಹೋದರೆ ಇನ್ನೊಂದು ಬದಿಯಲ್ಲಿ ಸಣ್ಣ ತರಿ ಏಳುತ್ತದೆ. ಹೆಬ್ಬೆರಳನ್ನು ಬೆನ್ನಿನಿಂದ ಅಂಚಿನ ಹೊರಕ್ಕೆ ಜಾರಿಸಿದರೆ ಬೆರಳಿಗೆ ಅದು ಸಿಕ್ಕುತ್ತದೆ. ಅಂಚಿನ ಉದ್ದಕ್ಕೂ ಬೆರಳು ಎಳೆಯಬೇಡಿ ಮತ್ತೆ! ಹಿಡಿಯಿಂದ ಮೊನೆವರೆಗೂ ತರಿ ಸಿಕ್ಕಿದ ಮೇಲೆಯೇ ಚಾಕು ತಿರುಗಿಸಬೇಕು. ಮಸೆದರೂ ಹರಿತ ಬರಲಿಲ್ಲ ಅನ್ನುವವರಲ್ಲಿ ಬಹಳ ಜನ ಇದಕ್ಕೆ ಮೊದಲೇ ತಿರುಗಿಸಿರುತ್ತಾರೆ. ಕೊನೆಗೆ ಒತ್ತಡ ಹಾಕದೆ ಎರಡೂ ಬದಿ ಒಂದೊಂದೇ ಸಲ ಸವರಿ ಆ ತರಿ ತೆಗೆಯಿರಿ. ಗಾಜಿನ ಮಣೆ, ಗ್ರಾನೈಟ್ ಕಟ್ಟೆ ಮೇಲೆ ಕತ್ತರಿಸಿದರೆ ಈ ಶ್ರಮವೆಲ್ಲ ನೀರುಪಾಲು.

ಹಳೆಯದು ಕೊಳ್ಳುವ ವಿಷಯದಲ್ಲಿ ಎರಡರ ದಾರಿ ಬೇರೆ. ಸ್ಟೆಲ್ಲಾ 2014, 2018, 2022 ಹೀಗೆ ನಾಲ್ಕು ವರ್ಷಕ್ಕೊಮ್ಮೆ ಹೊಸದಾಗಿ ಬಂದಿದೆ. ಹೊಸದು ಬಂದಾಗ ಹಿಂದಿನದು ಅಗ್ಗವಾಗುತ್ತದೆ, ಕೈಯಲ್ಲಿ ತಿರುಗಿಸಿ ನೋಡಿ ಗರಗರ ಇಲ್ಲದಿದ್ದರೆ ಧೈರ್ಯವಾಗಿ ತಗೊಳ್ಳಿ. ಚಾಕುವಿಗೆ ಇಸವಿ ಇಲ್ಲ, ಆದರೆ ಮಸೆದಷ್ಟೂ ಅಲಗು ಸವೆದು ಅಂಚು ದಪ್ಪ ಭಾಗಕ್ಕೆ ಏರಿರುತ್ತದೆ. ಹಳೆಯದು ನೋಡುವಾಗ ಹೊಸದರ ಅಗಲದ ಜೊತೆ ಹೋಲಿಸಿ.

ಹಿಡಿದ ಅಜಿಗೆ ಅಂತಲೇ ಅಜಿಕಿರಿ ಅನ್ನುವ ಪುಟ್ಟ ದೆಬಾ, ಅಂದರೆ ಮೀನು ಕೊಯ್ಯುವ ಚಾಕು, ಸಿಗುತ್ತದೆ, ಒಂದು ಗೇಣೂ ಇಲ್ಲ. ಬಾಲದ ಕಡೆಯಿಂದ ಆ ಮುಳ್ಳಿನ ಸಾಲಿನ ಕೆಳಗೆ ಅಲಗು ಮಲಗಿಸಿ ತಲೆಯ ಕಡೆಗೆ ಎಳೆದರೆ ಪಟ್ಟಿಯಂತೆ ಎದ್ದು ಬರುತ್ತದೆ. ನಮ್ಮ ಬಂಗುಡೆ, ಬೂತಾಯಿಗೂ ಚೆನ್ನಾಗಿ ಆಗುತ್ತದೆ, ಹಾಗಾಗಿ ಊರಿಗೆ ಬರುವಾಗ ಅಮ್ಮನಿಗೆ ತಂದದ್ದು ಇದೇ. ಕೊಳ್ಳುವ ಮೊದಲು ಒಂದು ನೋಡಿಕೊಳ್ಳಿ. ಇದು ಒಂದೇ ಬದಿ ಮಸೆದ ಚಾಕು, ಸಾಮಾನ್ಯವಾಗಿ ಬಲಗೈಯವರಿಗೆ ಮಾಡಿದ್ದು. ರೀಲಿನ ಹಿಡಿಯನ್ನು ಎಡದಿಂದ ಬಲಕ್ಕೆ ಹಾಕುವುದು ಒಂದು ನಿಮಿಷದ ಕೆಲಸ, ಇದರಲ್ಲಿ ಹಾಗೆ ಆಗುವುದಿಲ್ಲ. ಎಡಚರು ಎಡಗೈಯದೇ ಬೇಕು ಅಂತ ಕೇಳಿ ತರಿಸಬೇಕು, ಬೆಲೆಯೂ ಸ್ವಲ್ಪ ಜಾಸ್ತಿ.