ನೆಲಮಾಳಿಗೆಗೊಂದು ಗಟ್ಟಿ ಮರದ ಶೆಲ್ಫ್

ಮೊದಲೇ ಮರ ಕೊಯ್ಯಬೇಡಿ. ಶೆಲ್ಫ್ ಮೇಲೆ ಏನಿಡ್ತೀರಿ ನೋಡಿ, ಇರೋದರಲ್ಲಿ ದೊಡ್ಡ ಡಬ್ಬ ಅಳೆದು ಅದಕ್ಕಿಂತ 5 ಸೆಂ.ಮೀ. ಜಾಸ್ತಿ ಎತ್ತರ ಬಿಟ್ಟರೆ ತೆಗೆದಿಡಲು ಕೈ ಆಡುತ್ತದೆ. ಆಳ 40 ಸೆಂ.ಮೀ. ಸಾಕು. ಜಾಸ್ತಿಯಾದರೆ ಹಿಂದಿನ ಸಾಮಾನು ಮರೆತೇ ಹೋಗುತ್ತದೆ, ಅಲ್ವಾ?

ಹಲಗೆಗೆ 18 ಮಿ.ಮೀ. ಪ್ಲೈವುಡ್ ಹಾಕಿ. ಪಾರ್ಟಿಕಲ್ ಬೋರ್ಡ್ (ಮರದ ಪುಡಿ ಒತ್ತಿ ಮಾಡಿದ ಹಲಗೆ) ಬೇಡ, ತೇವ ತಗುಲಿದರೆ ಉಬ್ಬುತ್ತದೆ. ಭಾರದ ಸಾಮಾನಿದ್ದರೆ 80 ಸೆಂ.ಮೀ.ಗೊಂದು ಜೊತೆ ಕಾಲು ಕೊಡಿ, ಇಲ್ಲದಿದ್ದರೆ ಹಲಗೆ ನಡುವೆ ಬಗ್ಗುತ್ತದೆ.

ಕಾಲುಗಳನ್ನೆಲ್ಲ ಪಕ್ಕಪಕ್ಕ ಮಲಗಿಸಿ ಹಲಗೆ ಕೂರುವ ಎತ್ತರಕ್ಕೆ ಒಂದೇ ಸಲಕ್ಕೆ ಗೆರೆ ಎಳೆಯಿರಿ. ಒಂದೊಂದಾಗಿ ಅಳೆದರೆ ಎಲ್ಲೋ ಒಂದು ಕಡೆ ಹೆಚ್ಚುಕಮ್ಮಿ ಆಗಿಯೇ ಆಗುತ್ತದೆ. ಹಲಗೆ ಹೊರುವ ಅಡ್ಡಪಟ್ಟಿಗಳನ್ನು ಕಾಲಿಗೆ ಕೂರಿಸುವ ಮುಂಚೆ ಸ್ಕ್ರೂಗಿಂತ ಸಣ್ಣ ಬಿಟ್‌ನಿಂದ ತೂತು ಕೊರೆಯಿರಿ, ಅದರಲ್ಲೂ ಮರದ ತುದಿಯ ಹತ್ತಿರ ಸುಮ್ನೆ ಸ್ಕ್ರೂ ತಿರುಗಿಸಿದರೆ ಸೀಳು ಬಿಡುತ್ತದೆ. ಒಂದು ಜಾಯಿಂಟ್‌ಗೆ ಎರಡು ಸ್ಕ್ರೂ. ಪೂರ್ತಿ ಬಿಗಿಯುವ ಮೊದಲು ಮೂಲೆಯಿಂದ ಎದುರು ಮೂಲೆಗೆ ಟೇಪ್ ಹಿಡಿಯಿರಿ. ಎರಡೂ ಅಳತೆ ಒಂದೇ ಬರಬೇಕು. ಬರದಿದ್ದರೆ ಉದ್ದ ಬಂದ ಮೂಲೆಯನ್ನು ಒಳಕ್ಕೆ ತಳ್ಳಿ.

ನೆಲ ತೇವ ಹಿಡಿಯುವುದರಿಂದ ಕಾಲಿನಡಿ ರಬ್ಬರ್ ತುಂಡು ಇಡಿ. ಮೇಲಿನ ಅಡ್ಡಪಟ್ಟಿಯನ್ನು ಗೋಡೆಗೆ ಬಿಗಿಯೋದನ್ನು ಮಾತ್ರ ಬಿಡಲೇಬೇಡಿ, ಎತ್ತರದ ಶೆಲ್ಫ್ ಮುಂದಕ್ಕೆ ಮಗುಚಿದರೆ ತಡೆಯೋಕಾಗಲ್ಲ. ಪೇಂಟ್ ಡಬ್ಬದಂಥ ಭಾರದವು ಕೆಳಗಿನ ಹಲಗೆಯಲ್ಲೇ ಇರಲಿ.